ಯಾರಿಗೂ ಏನೂ ಅನ್ನದ ಸಾಹೇಬರು

ಬೆಳಗಾವಿಯ ಉದ್ಯಮಬಾಗದಲ್ಲಿ ಕಾರ್ಮಿಕರು ಒಬ್ಬ ಮ್ಯಾನೇಜರನ್ನು ಮನಸಾರೆ ಹೊಗಳಬೇಕೆಂದರೆ ಆಡುವ ಮಾತು ಸಾಮಾನ್ಯವಾಗಿ ಒಂದೇ: ‘ನಮ್ಮ ಸಾಹೇಬ್ರು ಭಾಳ ಚಲೋ ಅದಾರ್ರಿ, ಯಾರಿಗೂ ಏನೂ ಅನ್ನೂದಿಲ್ಲ.’ ಪಾಳಿ ಬದಲಾಗುವ ಹೊತ್ತಿಗೆ ಚಹಾದಂಗಡಿಯ ಮುಂದೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಸಾಹೇಬರ ಶೆಡ್ಡಿಗೆ ಹೋಗಿ, ರಿಜೆಕ್ಟ್ ಆದ ಮಾಲು ಇಡುವ ಕೆಂಪು ಪೆಟ್ಟಿಗೆಯಲ್ಲಿ ಏನೇನಿದೆಯೆಂದು ನೋಡಿ ಬರಬೇಕೆನಿಸುತ್ತದೆ. ಯಾರಿಗೂ ಏನೂ ಅನ್ನದೆ ನಡೆಯುವ ಕಾರ್ಖಾನೆಯನ್ನು ನಾನು ಇನ್ನೂ ಕಂಡಿಲ್ಲ. ಸಾಹೇಬರು ಅನ್ನದಿದ್ದರೆ ಅದರ ಭಾರ ಬೇರೆ ಯಾರದೋ ತಲೆಯ ಮೇಲೆ ಬಿದ್ದಿರುತ್ತದೆ. ಒಬ್ಬನು ಕೆಡಿಸಿದ ಮಾಲನ್ನು ಸರಿಪಡಿಸಲು ಪಾಳಿ ಮುಗಿದ ಮೇಲೂ ನಿಲ್ಲುವವನು ಸಾಮಾನ್ಯವಾಗಿ ಪಕ್ಕದ ಮಶೀನಿನ ಬಾಯಿಸತ್ತ ಮನುಷ್ಯನೇ ಆಗಿರುತ್ತಾನೆ.

ಕೆಲಸಗಾರರನ್ನು ನಡೆಸಿಕೊಳ್ಳುವವರಲ್ಲಿ ದಯೆ ಇರಬೇಕು, ನಿಜ ಹೇಳುವ ಧೈರ್ಯವಿರಬೇಕು, ಇಷ್ಟರ ಆಚೆಗೆ ಇಲ್ಲ ಎನ್ನುವ ಗಟ್ಟಿತನವೂ ಇರಬೇಕು ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಇವು ಮೂರೂ ಒಂದಕ್ಕೊಂದು ವಿರುದ್ಧವಾದವು, ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ತಗ್ಗಿಸಬೇಕಾಗುತ್ತದೆ ಎಂಬ ನಂಬಿಕೆಯೂ ಅದರ ಜೊತೆಗೇ ಇರುತ್ತದೆ. ನನಗೆ ಹಾಗೆನಿಸುವುದಿಲ್ಲ. ಸಣ್ಣ ಕಾರ್ಖಾನೆಗಳಲ್ಲಿ ದಯೆಯೆಂದು ನಾವು ಕರೆಯುವುದರಲ್ಲಿ ಅರ್ಧ ಭಾಗ ಮಾತನಾಡುವ ಮುಜುಗರದಿಂದ ತಪ್ಪಿಸಿಕೊಳ್ಳುವ ಉಪಾಯ, ಉಳಿದ ಅರ್ಧದಲ್ಲಿ ಬಹುಪಾಲು ಎದುರಿನವನನ್ನು ಹಂಗಿನಲ್ಲಿ ಇಟ್ಟುಕೊಳ್ಳುವ ಪದ್ಧತಿ. ಹಂಗಿಲ್ಲದ ದಯೆ ಬೇಕೆಂದರೆ ಮೊದಲೇ ಎಲ್ಲರೆದುರು ಹೇಳಿಟ್ಟ ನಿಯಮ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಭಾಗವನ್ನು ಕಾಣದವರಿಗಾಗಿ ಸ್ವಲ್ಪ ವಿವರ. ಉದ್ಯಮಬಾಗವೆಂದರೆ ಖಾನಾಪುರ ರಸ್ತೆಗೆ ಹೊಂದಿಕೊಂಡಿರುವ ಹಳೆಯ ಕೈಗಾರಿಕಾ ಪ್ರದೇಶ. ಫೌಂಡ್ರಿಗಳು, ಎರಕದ ಮಾಲನ್ನು ಮಶೀನಿಂಗ್ ಮಾಡುವ ಶೆಡ್ಡುಗಳು, ಹೈಡ್ರಾಲಿಕ್ ಬಿಡಿಭಾಗಗಳನ್ನು ತಯಾರಿಸುವ ಘಟಕಗಳು ಇಲ್ಲಿ ಒತ್ತೊತ್ತಾಗಿವೆ. ಇವುಗಳಲ್ಲಿ ಬಹಳಷ್ಟು ಕಡೆ ಸಿಬ್ಬಂದಿ ವಿಭಾಗವೆಂಬುದೇ ಇರುವುದಿಲ್ಲ. ಮಾಲಕರ ಕೆಳಗೆ ಒಬ್ಬ ಮ್ಯಾನೇಜರ್, ಅವನ ಕೆಳಗೆ ಇಬ್ಬರು ಸೂಪರ್‌ವೈಸರ್, ಆಮೇಲೆ ನೇರವಾಗಿ ಮಶೀನುಗಳು. ಕೆಲಸಕ್ಕೆ ಬರುವವರು ಜಾಹೀರಾತು ನೋಡಿ ಬರುವುದಿಲ್ಲ. ಅಣ್ಣ ತಮ್ಮನನ್ನು, ಮಾವ ಅಳಿಯನನ್ನು, ಒಂದು ಹಳ್ಳಿಯವನು ತನ್ನ ಓಣಿಯವನನ್ನು ಕರೆತರುತ್ತಾನೆ. ಹೀಗಾಗಿ ಒಬ್ಬನಿಗೆ ಬೆಳಿಗ್ಗೆ ಆಡಿದ ಮಾತು ಸಂಜೆಯ ಬಸ್ಸು ಹತ್ತಿ ಅವನ ಊರಿಗೆ ಅವನಿಗಿಂತ ಮೊದಲೇ ಮುಟ್ಟಿರುತ್ತದೆ. ನಾನು ಇಂಥ ಒಂದು ಮಶೀನಿಂಗ್ ಶೆಡ್ಡಿನಲ್ಲಿ ಮ್ಯಾನೇಜರ್. ಲೇಥಿನ ಮುಂದೆ ನಿಂತು ಕೆಲಸ ಕಲಿತು ಮೇಲೆ ಬಂದವನಾದ್ದರಿಂದ ನನಗಿಂತ ಮೊದಲು ಸೇರಿದ ಕೆಲವರು ಈಗ ನನ್ನ ಕೈಕೆಳಗೆ ಇದ್ದಾರೆ.

ನಿಜ ಹೇಳುವುದು ಎಂದರೇನು ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ನಮ್ಮಲ್ಲಿ ತಯಾರಾಗುವ ಒಂದು ವಾಲ್ವ್‌ನ ಬಾಡಿಯಲ್ಲಿ 25 ಮಿಲಿಮೀಟರಿನ ಬೋರ್, ಅಂದರೆ ಕೊರೆದ ರಂಧ್ರ, ಇದೆ; ಡ್ರಾಯಿಂಗಿನಲ್ಲಿ ಅದರ ಅಳತೆಯ ಮಿತಿ ಎಚ್7 ಎಂದಿದೆ. ಅಂದರೆ ಬೋರ್ 25.000ಕ್ಕಿಂತ ಕಡಿಮೆ ಇರಬಾರದು, 25.021ನ್ನು ಮೀರಬಾರದು, ಇಪ್ಪತ್ತೊಂದು ಮೈಕ್ರಾನುಗಳ ಈ ಅವಕಾಶ ತಲೆಗೂದಲಿನ ದಪ್ಪದಷ್ಟೂ ಅಲ್ಲ. ಬೋರಿಂಗ್ ಬಾರಿನ ಇನ್ಸರ್ಟ್, ಅಂದರೆ ಕೊರೆಯುವ ತುದಿ, ಸವೆಯುತ್ತ ಬಂದಂತೆ ಬೋರ್ ಬಿಗಿಯಾಗುತ್ತ ಬರುತ್ತದೆ, ಆಪರೇಟರ್ ಮಶೀನಿನ ಅಳತೆ ತಿದ್ದುವ ಆಫ್‌ಸೆಟ್‌ನಲ್ಲಿ ನಾಲ್ಕೈದು ಮೈಕ್ರಾನ್ ಕೊಟ್ಟು ಅದನ್ನು ಸರಿದೂಗಿಸುತ್ತಾನೆ. ಹೊಸ ಇನ್ಸರ್ಟ್ ಹಾಕಿದಾಗ ಆ ಆಫ್‌ಸೆಟ್ ಹಿಂದಕ್ಕೆ ತೆಗೆಯದಿದ್ದರೆ ಮುಂದಿನ ಪೀಸುಗಳ ಬೋರ್ ದೊಡ್ಡದಾಗಿ, ಒಳಗೆ ಹೋಗಲೇಬಾರದ ನೋ-ಗೋ ಗೇಜ್ ಸಲೀಸಾಗಿ ಇಳಿದುಬಿಡುತ್ತದೆ. ಕಡಿಮೆಯಿದ್ದ ಬೋರನ್ನು ಮತ್ತೆ ಕೊರೆಯಬಹುದು, ಹೆಚ್ಚಾದದ್ದು ಭಂಗಾರ, ಅಂದರೆ ಗುಜರಿ.

ಒಂದು ದಿನ ಹೀಗೆಯೇ ಆಗಿತ್ತು. ಒಬ್ಬ ಯುವ ಆಪರೇಟರನ ಮಾಲಿನಲ್ಲಿ ನೋ-ಗೋ ಇಳಿಯುತ್ತಿತ್ತು. ಅವನ ತಪಾಸಣೆಯ ಹಾಳೆಯಲ್ಲಿ ಮಾತ್ರ ಅರ್ಧ ಗಂಟೆಗೊಂದರಂತೆ ಬರೆಯಬೇಕಾದ ಅಳತೆಗಳು ಮೇಲಿನಿಂದ ಕೆಳಗಿನವರೆಗೆ 25.010, 25.010, 25.010 ಎಂದು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಸಾಲುಗಟ್ಟಿದ್ದವು. ಇಡೀ ಪಾಳಿಯಲ್ಲಿ ಒಂದು ಮೈಕ್ರಾನೂ ಅತ್ತಿತ್ತ ಆಗದ ಬೋರ್ ಯಾವ ಮಶೀನಿನಿಂದಲೂ ಬರುವುದಿಲ್ಲ. ಎಲ್ಲರೆದುರು ಆ ಹಾಳೆಯನ್ನು ಎತ್ತಿ ಹಿಡಿದು ಅವನ ಮಾನ ಕಳೆಯುವ ಅವಕಾಶ ನನಗಿತ್ತು. ಉದ್ಯಮಬಾಗದಲ್ಲಿ ಅದಕ್ಕೇ ಶಿಸ್ತು ಎನ್ನುವವರಿದ್ದಾರೆ. ಸೂಪರ್‌ವೈಸರನ ಸಲಹೆ ಇದಕ್ಕೆ ವಿರುದ್ಧವಾಗಿತ್ತು: ‘ಹೊಸ ಹುಡುಗ ಅದಾನ್ರಿ ಸರ, ಈ ಸಲ ಬಿಟ್ಟಬಿಡ್ರಿ.’ ಈ ಎರಡು ದಾರಿಗಳಲ್ಲೂ ಒಂದು ಸಮಾನ ದೋಷವಿದೆ: ಎರಡರಲ್ಲೂ ಆ ಹುಡುಗನನ್ನು ಯಾರೂ ಏನನ್ನೂ ಕೇಳುವುದಿಲ್ಲ.

ಅವನನ್ನು ತಪಾಸಣೆಯ ಮೇಜಿನ ಹತ್ತಿರ ಕರೆದು, ಪೀಸನ್ನೂ ಗೇಜನ್ನೂ ಅವನ ಕೈಗೇ ಕೊಟ್ಟು, ‘ಹಾಕಿ ನೋಡು’ ಎಂದೆ. ಗೇಜ್ ಇಳಿಯಿತು.

‘ಈ ಹಾಳ್ಯಾಗ ಬರದದ್ದು ನೀ ಅಳದೇನು?’

‘ಅಳದೇನ್ರಿ ಸರ.’

‘ಎಲ್ಲಾ ಒಂದ ಬಂತು?’

ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತವನು ಆಮೇಲೆ ಬಾಯಿಬಿಟ್ಟ: ‘ಬೋರ್ ಗೇಜ್ ಆ ಕಡೀ ಮಶೀನಿನ್ಯಾಗ ಇತ್ತರಿ ಸರ. ತರಾಕ ಹ್ವಾದ್ರ ಟಾರ್ಗೆಟ್ ಆಗೂದಿಲ್ರಿ.’

ಮೂರು ಮಶೀನುಗಳಿಗೆ ಒಂದೇ ಬೋರ್ ಗೇಜ್ ಇತ್ತು ಎಂಬುದು ನಿಜ. ಅಳೆಯದೆ ಅಳೆದೆನೆಂದು ಬರೆದದ್ದೂ ನಿಜ. ಮೊದಲನೆಯದನ್ನು ಸರಿಪಡಿಸಬೇಕಾದವರು ನಾವು, ಎರಡನೆಯದಕ್ಕೆ ಉತ್ತರ ಹೇಳಬೇಕಾದವನು ಅವನು. ಇನ್ನೊಂದು ಗೇಜ್ ತರಿಸುವ ಚೀಟಿಯನ್ನು ಆಗಲೇ ಬರೆದೆ. ಸುಳ್ಳು ಅಳತೆ ಬರೆದದ್ದಕ್ಕೆ ಕಾರಣ ಕೇಳುವ ಪತ್ರವನ್ನೂ ಅದೇ ದಿನ ಕೊಟ್ಟೆ. ಪತ್ರ ಅವನಿಗೆ ಓದಲು ಬರುವ ಕನ್ನಡದಲ್ಲಿತ್ತು. ಅದರ ಜೊತೆಗೆ ಒಂದು ಮಾತು ಹೇಳಿದೆ, ಮರುದಿನ ಅದನ್ನೇ ಫಲಕಕ್ಕೂ ಹಚ್ಚಿದೆವು: ಅಳೆಯಲು ಆಗದಿದ್ದರೆ ‘ಅಳೆದಿಲ್ಲ’ ಎಂದು ಬರೆಯಿರಿ, ಹಾಗೆ ಬರೆದವರಿಗೆ ಯಾರೂ ಏನೂ ಕೇಳುವುದಿಲ್ಲ, ಅಳೆಯದೆ ಸಂಖ್ಯೆ ಬರೆದರೆ ಪತ್ರ ತಪ್ಪುವುದಿಲ್ಲ. ಈಗ ಹಾಳೆಗಳಲ್ಲಿ ‘ಅಳೆದಿಲ್ಲ’ ಎಂಬ ಸಾಲುಗಳು ಆಗಾಗ ಕಾಣುತ್ತವೆ, ಮಾಲಕರಿಗೆ ಅವನ್ನು ನೋಡಿದರೆ ಇಂದಿಗೂ ಸಿಟ್ಟು ಬರುತ್ತದೆ. ನನಗೆ ಮಾತ್ರ ಅವೇ ಸಾಲುಗಳು ಉಳಿದ ಅಳತೆಗಳ ಮೇಲೆ ವಿಶ್ವಾಸ ಹುಟ್ಟಿಸುತ್ತವೆ. ಕೆಲಸಗಾರರಿಂದ ಪ್ರಾಮಾಣಿಕತೆಯನ್ನು ಬಯಸುವವರು ನಿಜ ಹೇಳಿದವನಿಗೆ ಎಷ್ಟು ನಷ್ಟವಾಗುತ್ತದೆ, ಸುಳ್ಳು ಹೇಳಿದವನಿಗೆ ಎಷ್ಟು ನಷ್ಟವಾಗುತ್ತದೆ ಎಂಬ ಲೆಕ್ಕವನ್ನು ಮೊದಲು ಹಾಕಬೇಕು. ಬಹಳ ಶೆಡ್ಡುಗಳಲ್ಲಿ ನಿಜವೇ ದುಬಾರಿ.

ಚಿಕ್ಕವರೊಂದಿಗೆ ಇಷ್ಟು ಸಾಧ್ಯ. ಹಿರಿಯರೊಂದಿಗೆ ಮಾತು ಬೇರೆ. ನಮ್ಮಲ್ಲಿ ಎಲ್ಲರೂ ಕಾಕಾ ಎಂದೇ ಕರೆಯುವ ಹಿರಿಯ ಟರ್ನರ್ ಒಬ್ಬರಿದ್ದಾರೆ. ಲೇಥಿನ ಮೇಲೆ ಕಚ್ಚಾ ಎರಕವನ್ನು ಹಿಡಿದಾಗ ಅದು ಎಲ್ಲಿ ಓರೆಯಾಗಿ ತಿರುಗುತ್ತಿದೆ ಎಂದು ಸದ್ದಿನಿಂದಲೇ ಹೇಳಬಲ್ಲವರು. ನನಗೂ ಕೆಲಸ ಕಲಿಸಿದವರು. ಅವರ ಅಳತೆಗಳು ತಪ್ಪತೊಡಗಿದ್ದವು. 0.02 ಮಿಲಿಮೀಟರಿನ ಗೆರೆಗಳಿರುವ ವರ್ನಿಯರನ್ನು ಟ್ಯೂಬ್‌ಲೈಟಿನ ಕಡೆಗೆ ತಿರುಗಿಸಿ, ತೋಳು ಚಾಚಿ ದೂರ ಹಿಡಿದು, ಕಡೆಗೆ ಪಕ್ಕದ ಹುಡುಗನಿಗೆ ‘ಇದೇಟೈತಿ ನೋಡೋ’ ಎಂದು ಕೊಡುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಹಿರಿಯರಿಗೆ ಹೇಗೆ ಹೇಳುವುದು ಎಂಬ ಗೌರವದ ಜೊತೆಗೆ, ಅವರಿಗೆ ತಿಳಿಯದಂತೆ ಮಹತ್ವದ ಕೆಲಸಗಳನ್ನು ಅವರ ಮಶೀನಿನಿಂದ ಒಂದೊಂದಾಗಿ ಬೇರೆ ಕಡೆಗೆ ಸರಿಸುವುದೂ ನಡೆದಿತ್ತು. ಹಿಂದಿನಿಂದ ಹೀಗೆ ಕೆಲಸ ಕಸಿದುಕೊಳ್ಳುವುದನ್ನು ಗೌರವವೆಂದು ಕರೆಯಲು ನನ್ನಿಂದ ಸಾಧ್ಯವಿಲ್ಲ. ಯಾಕೆ ಕೆಲಸ ಬರುತ್ತಿಲ್ಲ ಎಂದು ತಾವೇ ಊಹಿಸುತ್ತ ಕೂಡುವ ಸ್ಥಿತಿಗಿಂತ ಕಠಿಣವಾದ ಮಾತು ಯಾವುದೂ ಇರಲಾರದು.

ಪಾಳಿ ಮುಗಿದು ಹುಡುಗರೆಲ್ಲ ಹೋದ ಮೇಲೆ ಗ್ರೈಂಡರಿನ ಹತ್ತಿರ ಅವರೊಂದಿಗೆ ಕುಳಿತು, ‘ಕಾಕಾ, ನಿಮ್ಮ ಕೈ ಬಗ್ಗೆ ನನಗೇನೂ ಅನುಮಾನ ಇಲ್ರಿ. ವರ್ನಿಯರ್ ಓದೂದು ನಿಮಗ ತ್ರಾಸ ಆಗಾಕತ್ತೈತಿ. ಮೂರು ಪೀಸ ಈ ವಾರ ವಾಪಸ್ ಬಂದಾವ. ಕಣ್ಣ ಒಮ್ಮಿ ತೋರಸೂಣ್ರಿ’ ಎಂದೆ. ‘ನಿನಗ ಲೇಥ್ ಹಿಡಿಯಾಕ ಕಲಿಸಿದಾಂವ ನಾನು’ ಎಂದು ಎದ್ದು ಹೋದರು. ಅದು ನಿಜವೇ ಆಗಿತ್ತಾದ್ದರಿಂದ ನಾನು ಉತ್ತರ ಕೊಡಲಿಲ್ಲ. ಆದರೆ ಹೇಳಿದ್ದನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಕೆಲವು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು. ಆಮೇಲೆ ತಾವಾಗಿ ಕಾರ್ಮಿಕ ವಿಮೆಯ ಇಎಸ್‌ಐ ಕಾರ್ಡ್ ಕೇಳಿ ತೆಗೆದುಕೊಂಡು ಹೋಗಿ ಕಣ್ಣು ತೋರಿಸಿ, ಚಾಳೀಸು ಹಾಕಿಕೊಂಡು ಬಂದರು. ಅಂಕಿ ತೋರಿಸುವ ಡಿಜಿಟಲ್ ವರ್ನಿಯರ್ ಕೊಟ್ಟೆವು. ಸೂಕ್ಷ್ಮ ಅಳತೆಯ ಕೆಲಸ ಮತ್ತೆ ಅವರ ಮಶೀನಿಗೆ ಪೂರ್ತಿಯಾಗಿ ಬರಲಿಲ್ಲ. ಅದನ್ನು ಅವರಿಗೆ ಮುಚ್ಚಿಡಲೂ ಇಲ್ಲ. ಈಗ ಮಶೀನಿನಲ್ಲಿ ಮಾಲನ್ನು ಹಿಡಿದಿಡುವ ಹೊಸ ಫಿಕ್ಸ್ಚರ್ ಕೂಡಿಸುವುದು, ಐಟಿಐ ಮುಗಿಸಿ ಬರುವ ಹುಡುಗರಿಗೆ ಟೂಲ್ ಮಸೆಯುವುದನ್ನು ಕಲಿಸುವುದು ಅವರ ಕೆಲಸ, ಪಗಾರ ಮೊದಲಿನಷ್ಟೇ. ಕಣ್ಣಿನ ಸಮಸ್ಯೆಯೆಂದು ಪಗಾರ ಇಳಿಸಬಹುದೇ ಎಂದು ಮೇಲಿನಿಂದ ಪ್ರಶ್ನೆ ಬಂದಾಗ, ಇಷ್ಟು ವರ್ಷ ಅವರ ಕಿವಿಗೆ ನಾವು ಬೇರೆಯಾಗಿ ಏನೂ ಕೊಟ್ಟಿರಲಿಲ್ಲವಲ್ಲ ಎಂದು ಹೇಳಿದೆ.

ಮಾತಿನ ರೀತಿಯ ಬಗ್ಗೆಯೂ ಇಲ್ಲಿಯೇ ಒಂದೆರಡು ಮಾತು ಹೇಳಿಬಿಡುತ್ತೇನೆ. ನಮ್ಮ ಶೆಡ್ಡಿನಲ್ಲಿ ಕನ್ನಡದವರು, ಮರಾಠಿಯವರು, ಈಚೆಗೆ ಬಿಹಾರ ಮತ್ತು ಒಡಿಶಾದಿಂದ ಬಂದವರು ಎಲ್ಲರೂ ಇದ್ದಾರೆ. ಹೊಗಳುವಾಗ ಯಾವ ಭಾಷೆಯಾದರೂ ನಡೆಯುತ್ತದೆ; ತಪ್ಪು ಹೇಳುವಾಗ ಮಾತ್ರ ಅವನ ಭಾಷೆಯಲ್ಲೇ ಹೇಳಬೇಕು, ಬರದಿದ್ದರೆ ಬರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು. ಅರ್ಧ ತಿಳಿದ ಬೈಗುಳ ಪೂರ್ತಿ ತಿಳಿದ ಬೈಗುಳಕ್ಕಿಂತ ಹೆಚ್ಚು ದಿನ ಮನಸ್ಸಿನಲ್ಲಿ ಉಳಿಯುತ್ತದೆ. ಇನ್ನು ತಾಯಿ ತಂಗಿಯರನ್ನು ಎಳೆದು ತರುವ ಬೈಗುಳವನ್ನು ಗಟ್ಟಿತನವೆಂದು ತಿಳಿದಿರುವ ಸೂಪರ್‌ವೈಸರುಗಳು ಈ ಪ್ರದೇಶದಲ್ಲಿ ಕಡಿಮೆಯಿಲ್ಲ. ನನ್ನ ಅನುಭವದಲ್ಲಿ ಹೆಚ್ಚು ಕೂಗುವವರೇ ಕಡೆಗೆ ಹೆಚ್ಚು ಬಿಟ್ಟುಕೊಡುವವರು. ಕೂಗಿದ ಮೇಲೆ ಮನಸ್ಸು ಕಸಿವಿಸಿಯಾಗಿ ಮರುದಿನ ಅದೇ ಮನುಷ್ಯನಿಗೆ ಸಲ್ಲದ ರಿಯಾಯಿತಿ ಕೊಡುತ್ತಾರೆ.

ದಯೆಯ ವಿಷಯಕ್ಕೆ ಬಂದರೆ, ಸಣ್ಣ ಕಾರ್ಖಾನೆಯಲ್ಲಿ ಅದು ಬಹುತೇಕ ಅಡ್ವಾನ್ಸಿನ ರೂಪದಲ್ಲೇ ಇರುತ್ತದೆ. ಮಗಳ ಮದುವೆ, ತಾಯಿಯ ಆಸ್ಪತ್ರೆ ಖರ್ಚು, ಬಿತ್ತನೆ ಬೀಜ, ಸವದತ್ತಿ ಎಲ್ಲಮ್ಮನ ಜಾತ್ರೆ. ಮಾಲಕರು ಕಿಸೆಯಿಂದ ತೆಗೆದು ಕೊಡುತ್ತಾರೆ, ಲೆಕ್ಕ ಒಂದು ಸಣ್ಣ ವಹಿಯಲ್ಲಿರುತ್ತದೆ ಅಥವಾ ಇರುವುದಿಲ್ಲ. ಇದರಲ್ಲಿ ಒಳ್ಳೆಯ ಮನಸ್ಸಿಲ್ಲವೆಂದು ನಾನು ಹೇಳುವುದಿಲ್ಲ. ಬ್ಯಾಂಕು ಮುಖ ಕೊಟ್ಟು ಮಾತನಾಡದ ಮನುಷ್ಯನಿಗೆ ರಾತ್ರಿ ಹನ್ನೊಂದಕ್ಕೆ ಹಣ ಕೊಟ್ಟ ಮಾಲಕರನ್ನು ನಾನು ಬಲ್ಲೆ. ಆದರೆ ಆಮೇಲೆ ಏನಾಗುತ್ತದೆ ನೋಡಿ. ದೊಡ್ಡ ಅಡ್ವಾನ್ಸ್ ಪಡೆದವನು ಸೋಮವಾರ ಬರುವುದಿಲ್ಲ, ಸೂಪರ್‌ವೈಸರ್ ಏನೂ ಅನ್ನುವಂತಿಲ್ಲ, ಏಕೆಂದರೆ ಅವನು ಕೆಲಸ ಬಿಟ್ಟರೆ ಹಣ ಮುಳುಗುತ್ತದೆ. ಇತ್ತ ಅವನಿಗೆ ಮಚ್ಛೆಯ ಕೈಗಾರಿಕಾ ಪ್ರದೇಶದ ಕಡೆ ಹೆಚ್ಚು ಪಗಾರದ ಕೆಲಸ ಸಿಕ್ಕರೂ ಹೋಗುವಂತಿಲ್ಲ, ಏಕೆಂದರೆ ಸಾಲ ತೀರಿಲ್ಲ. ‘ನಿನ್ನ ಮಗಳ ಮದುವಿಗೆ ನಿಂತಾಂವ ನಾನು’ ಎಂಬ ಒಂದು ಮಾತು ಅವನು ಹೇಳಬೇಕಾದ ಎಲ್ಲ ನ್ಯಾಯವಾದ ಮಾತುಗಳ ಬಾಯಿ ಮುಚ್ಚಿಸುತ್ತದೆ. ಅಡ್ವಾನ್ಸಿನ ಹೆಸರಿನಲ್ಲಿ ಮನುಷ್ಯನನ್ನು ಕೆಲಸಕ್ಕೆ ಕಟ್ಟಿಹಾಕುವುದನ್ನು ಜೀತವೆಂದು 1976ರ ಕಾಯ್ದೆಯೇ ನಿಷೇಧಿಸಿದೆ. ನಮ್ಮ ಶೆಡ್ಡುಗಳ ಅಡ್ವಾನ್ಸ್ ಆ ಮಟ್ಟದ್ದಲ್ಲ, ಆದರೂ ಅದರ ದಿಕ್ಕು ಯಾವ ಕಡೆಗಿದೆ ಎಂಬುದನ್ನು ಕೊಡುವವರು ನೆನಪಿಡುವುದು ಒಳ್ಳೆಯದು.

ನಮ್ಮಲ್ಲಿ ಈಗ ಅಡ್ವಾನ್ಸಿಗೆ ನಿಯಮವಿದೆ. ಒಂದು ತಿಂಗಳ ಪಗಾರವನ್ನು ಮೀರುವಂತಿಲ್ಲ, ಹಳೆಯದು ತೀರದೆ ಹೊಸದಿಲ್ಲ, ತಿಂಗಳಿಗೆ ಎಷ್ಟು ಮುರಿಯಬೇಕೆಂಬುದು ಹಣ ಕೊಡುವ ದಿನವೇ ಕಾಗದದ ಮೇಲೆ ಬರುತ್ತದೆ. ಆಸ್ಪತ್ರೆಯ ತುರ್ತು ಮಾತ್ರ ಬೇರೆ. ಎಲ್ಲ ಕಡಿತಗಳೂ ಸೇರಿ ಪಗಾರದ ಅರ್ಧ ಮೀರಬಾರದೆಂದು ವೇತನ ಕಾನೂನು ಹೇಳುತ್ತದೆ, ನಾವು ಅದಕ್ಕೂ ಬಹಳ ಕೆಳಗೆ ಇಟ್ಟಿದ್ದೇವೆ. ಈ ನಿಯಮ ಬಂದಾಗ ‘ಸಾಹೇಬ್ರು ಕಲ್ಲಾದ್ರು’ ಎಂದರು. ಆದರೆ ನಿಯಮವಿಲ್ಲದ ಕಾಲದಲ್ಲಿ ಅಡ್ವಾನ್ಸ್ ಸಿಗುತ್ತಿದ್ದದ್ದು ಕೇಳುವ ಧೈರ್ಯವಿದ್ದವರಿಗೆ, ಮಾಲಕರ ಊರಿನ ಕಡೆಯವರಿಗೆ. ಪ್ಯಾಕಿಂಗಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕನವರು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಫಲಕದ ಮೇಲೆ ನಿಯಮ ಬಂದ ಮೇಲೆ ಬಂದು, ‘ಇದು ಎಲ್ಲಾರಿಗೂ ಐತೇನ್ರಿ?’ ಎಂದು ಖಚಿತಪಡಿಸಿಕೊಂಡು ಮಗನ ಕಾಲೇಜಿನ ಫೀಗೆ ಅರ್ಜಿ ಕೊಟ್ಟರು. ಯಾರ ಮುಂದೆಯೂ ಕೈಚಾಚಿದಂತಾಗದೆ ಅವರಿಗೆ ಹಣ ಸಿಕ್ಕಿತು, ಯಾರ ಋಣದ ಮಾತೂ ಏಳಲಿಲ್ಲ.

ಗಟ್ಟಿತನ ಕೆಳಗಿನವರೆದುರು ಮಾತ್ರ ಇದ್ದರೆ ಸಾಲದು, ಮೇಲಿನವರೆದುರೂ ಇರಬೇಕಾಗುತ್ತದೆ. ಮ್ಯಾನೇಜರನ ನಿಜವಾದ ಪರೀಕ್ಷೆ ಅಲ್ಲಿಯೇ ಇರುತ್ತದೆ. ಹತ್ತು ನಿಮಿಷ ತಡವಾಗಿ ಬಂದರೆ ಅರ್ಧ ದಿನದ ಪಗಾರ ಕಟ್ ಎಂಬ ಪದ್ಧತಿ ಈ ಪ್ರದೇಶದಲ್ಲಿ ಎಷ್ಟು ಸಾಮಾನ್ಯವೆಂದರೆ ಅದೇ ಕಾನೂನು ಎಂದು ಕಾರ್ಮಿಕರೂ ನಂಬಿದ್ದಾರೆ. ಕಾನೂನು ಹೇಳುವುದು ಬೇರೆ: ಗೈರಿದ್ದ ಹೊತ್ತಿಗೆ ತಕ್ಕಷ್ಟೇ ಕಡಿತ. ದಂಡ ಹಾಕುವುದಾದರೆ ಯಾವ ತಪ್ಪುಗಳಿಗೆ ಎಂಬುದನ್ನು ಮೊದಲೇ ಪ್ರಕಟಿಸಿರಬೇಕು, ಅವನ ಸಮಜಾಯಿಷಿ ಕೇಳಬೇಕು, ಆ ತಿಂಗಳ ಪಗಾರದ ಶೇಕಡಾ 3ನ್ನು ಮೀರಬಾರದು, 90 ದಿನಗಳ ನಂತರ ವಸೂಲು ಮಾಡುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ಮಾತುಗಳು 2019ರ ವೇತನ ಸಂಹಿತೆಯಲ್ಲಿಯೂ ಇವೆ. ಇದನ್ನು ಮಾಲಕರೆದುರು ಇಟ್ಟಾಗ ನಡೆದ ಮಾತು ಹಿತಕರವಾಗಿರಲಿಲ್ಲ. ‘ನೀವು ಅವರ ಕಡೆಯವರೋ ನಮ್ಮ ಕಡೆಯವರೋ?’ ಎಂದರು. ಅರ್ಧ ದಿನ ಕಟ್ ಆಗುವವನು ಹತ್ತು ನಿಮಿಷ ತಡವಾದರೆ ಅರ್ಧ ದಿನವೇ ಮನೆಯಲ್ಲಿ ಉಳಿಯುತ್ತಾನೆ, ಆಗ ಮಶೀನ್ ನಿಂತದ್ದು ಯಾರದು ಎಂದು ಹಾಜರಿ ಪುಸ್ತಕ ತೋರಿಸಿ ಕೇಳಿದೆ. ನ್ಯಾಯದಿಂದ ಆಗದ್ದು ಆ ಲೆಕ್ಕದಿಂದ ಆಯಿತು. ಈಗ ನಿಮಿಷಕ್ಕೆ ತಕ್ಕ ಕಡಿತ, ತಿಂಗಳಲ್ಲಿ ಪದೇ ಪದೇ ತಡವಾದರೆ ಎದುರು ಕೂಡಿಸಿ ಮಾತು, ಅದೂ ನಡೆಯದಿದ್ದರೆ ಪತ್ರ.

ಸುರಕ್ಷತೆಯ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ತಿರುಗುವ ಮಶೀನಿನ ಮುಂದೆ ಕೈಗವಸು ಹಾಕಿಕೊಂಡು ನಿಂತವನನ್ನು, ಬಾಗಿಲು ತೆರೆದರೆ ಮಶೀನ್ ನಿಲ್ಲಿಸುವ ಇಂಟರ್‌ಲಾಕನ್ನು ಉಪಾಯದಿಂದ ತಪ್ಪಿಸಿ ಬಾಗಿಲು ತೆರೆದೇ ಮಶೀನ್ ಓಡಿಸಿದವನನ್ನು ಆ ಕ್ಷಣವೇ ಮಶೀನಿನಿಂದ ಕೆಳಗಿಳಿಸಲಾಗುತ್ತದೆ, ಅವನು ಎಷ್ಟೇ ಒಳ್ಳೆಯ ಕೆಲಸಗಾರನಾಗಿರಲಿ. ಹೆಣ್ಣುಮಕ್ಕಳಿಂದ ಕಿರುಕುಳದ ದೂರು ಬಂದಾಗ ‘ಸ್ವಲ್ಪ ಸಂಬಾಳಿಸಿಕೊಳ್ರಿ, ಅಂವಗೂ ಹೆಂಡ್ತಿ ಮಕ್ಕಳದಾರ’ ಎಂದು ನಡುವೆ ಬರುವ ಹಿರಿತನವೂ ಅದೇ ಸಾಲಿಗೆ ಸೇರಿದ್ದು. ಹತ್ತು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಚಿಕ್ಕ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ರಾಜಿ ಮಾಡಿಸುವುದು ಮ್ಯಾನೇಜರನ ಕೆಲಸವಲ್ಲ.

ತನಗೂ ಒಂದು ಗೆರೆ ಎಳೆದುಕೊಳ್ಳಬೇಕಾಗುತ್ತದೆ. ನಾನು ಸ್ವಂತ ಹಣ ಸಾಲ ಕೊಡುವುದಿಲ್ಲ. ಕೊಟ್ಟರೆ ನಾಳೆ ಅವನ ತಪ್ಪನ್ನು ಹೇಳುವ ನಾಲಗೆಗೆ ಬಡ್ಡಿ ಹತ್ತುತ್ತದೆ. ಮದುವೆಗಳಿಗೆ ಹೋಗುತ್ತೇನೆ, ಊಟ ಮಾಡುತ್ತೇನೆ, ಗಂಡ ಹೆಂಡಿರ ಜಗಳದ ಪಂಚಾಯತಿಗೆ ಕರೆದರೆ ಹೋಗುವುದಿಲ್ಲ. ಒಬ್ಬನ ಬಗ್ಗೆ ಇನ್ನೊಬ್ಬ ಗುಟ್ಟಿನಲ್ಲಿ ಹೇಳಲು ಬಂದರೆ ಅವನನ್ನೂ ಕರೆಯಲೇ ಎಂದು ಕೇಳುತ್ತೇನೆ. ಈ ಒಂದು ಪ್ರಶ್ನೆಯಿಂದ ನನ್ನ ಎಷ್ಟು ಹೊತ್ತು ಉಳಿದಿದೆಯೋ ಹೇಳಲಾರೆ.

ಎಲ್ಲಕ್ಕಿಂತ ಕಠಿಣವಾದದ್ದು ಕೆಲಸದಿಂದ ತೆಗೆಯುವುದು. ನಮ್ಮಲ್ಲಿ ಇದನ್ನು ನೇರವಾಗಿ ಮಾಡುವವರು ಕಡಿಮೆ. ಒಳ್ಳೆಯ ಮಶೀನ್ ಕಸಿದು ಹಳೆಯದರ ಮೇಲೆ ಹಾಕುವುದು, ರಾತ್ರಿ ಪಾಳಿಯನ್ನೇ ಮೇಲಿಂದ ಮೇಲೆ ಕೊಡುವುದು, ಮಾತನಾಡಿಸುವುದನ್ನು ಬಿಡುವುದು, ಹೀಗೆ ಅವನೇ ರಾಜೀನಾಮೆ ಬರೆದುಕೊಡುವಂತೆ ಮಾಡುವುದೇ ರೂಢಿ. ‘ನಾವೇನೂ ತಗದಿಲ್ಲ, ಅವನ ಬಿಟ್ಟ’ ಎಂದು ಹೇಳಿಕೊಳ್ಳಲು ಇದು ಅನುಕೂಲ. ನನಗೆ ಇದರಷ್ಟು ಕ್ರೂರವಾದದ್ದು ಬೇರೆ ಕಾಣುವುದಿಲ್ಲ. ಪರೀಕ್ಷಾ ಅವಧಿಯಲ್ಲಿರುವ ಹುಡುಗನಿಗೆ ಈ ಕೆಲಸ ಒಗ್ಗುತ್ತಿಲ್ಲವೆಂದು ಕಂಡರೆ ಮೊದಲ ತಿಂಗಳಲ್ಲೇ ಏನು ಸುಧಾರಿಸಬೇಕೆಂದು ಬರೆದು ಕೊಡಬೇಕು, ಕಡೆಯ ದಿನ ಅವನು ಆಶ್ಚರ್ಯಪಡುವಂತಿರಬಾರದು. ಹಳೆಯ ಕಾರ್ಮಿಕನ ಮೇಲೆ ಗಂಭೀರ ಆರೋಪವಿದ್ದರೆ ಆರೋಪಪತ್ರ, ವಿಚಾರಣೆ, ಅವನ ಮಾತು ಕೇಳುವುದು, ಇವು ಯಾವುವನ್ನೂ ಬಿಡುವಂತಿಲ್ಲ.

ಆರ್ಡರ್ ನಿಂತು ಜನ ಹೆಚ್ಚಾಗಿದ್ದರೆ ಅದನ್ನು ಅವನ ತಪ್ಪಿನ ವೇಷದಲ್ಲಿ ಹೇಳಬಾರದು. ಒಬ್ಬ ಗ್ರಾಹಕ ಕಂಪನಿ ತನ್ನ ಮಾಲನ್ನು ಬೇರೆ ಕಡೆ ಮಾಡಿಸತೊಡಗಿದಾಗ ಕೆಲವರನ್ನು ಬಿಡಬೇಕಾಗಿ ಬಂತು. ನಿಮ್ಮ ಕೆಲಸದಲ್ಲಿ ದೋಷವಿಲ್ಲ, ಆರ್ಡರ್ ಇಲ್ಲ, ಮತ್ತೆ ಬಂದರೆ ಮೊದಲು ಕರೆಯುತ್ತೇವೆ, ಬರುತ್ತದೆಂದು ಮಾತು ಕೊಡಲಾರೆ ಎಂದು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳಿದೆ. ಒಂದು ವರ್ಷ ಸತತವಾಗಿ ದುಡಿದವನಿಗೆ ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನಗಳಂತೆ ಪರಿಹಾರ, ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ, ಇವು ಅವನ ಹಕ್ಕು. ಬಾಕಿ ಪಗಾರ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಇದನ್ನೆಲ್ಲ ಸರಿಯಾಗಿ ಕೊಟ್ಟು ಕಳಿಸಿದವರು ಇಂದಿಗೂ ಎದುರಾದಾಗ ನಿಂತು ಮಾತನಾಡಿಸುತ್ತಾರೆ. ಒಬ್ಬಿಬ್ಬರು ಮಾತನಾಡಿಸುವುದಿಲ್ಲ, ಅದೂ ಅವರ ಹಕ್ಕೇ.

ಇಷ್ಟೆಲ್ಲ ಹೇಳಿದ ಮೇಲೂ ನಿಯಮದೊಳಗೆ ಕೂಡದ ಒಂದು ವಿಷಯ ನಮ್ಮ ಶೆಡ್ಡಿನಲ್ಲಿ ಪ್ರತಿ ವರ್ಷ ತಲೆಯೆತ್ತುತ್ತದೆ. ಬೈಲಹೊಂಗಲ, ಹುಕ್ಕೇರಿ ಕಡೆಯಿಂದ ಬರುವ ನಮ್ಮ ಎಷ್ಟೋ ಜನರಿಗೆ ಎರಡು ಮೂರು ಎಕರೆ ಕಬ್ಬು ಇದೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾದ ಮೇಲೆ ಕಟಾವಿನ ಗ್ಯಾಂಗ್ ಯಾವ ದಿನ ಯಾರ ಹೊಲಕ್ಕೆ ಬರುತ್ತದೆಂದು ಹೇಳಲಾಗುವುದಿಲ್ಲ. ಬಂದ ದಿನ ರೈತ ಹೊಲದಲ್ಲಿ ಇರಲೇಬೇಕು, ಇಲ್ಲದಿದ್ದರೆ ಗ್ಯಾಂಗ್ ಮುಂದಿನವರ ಹೊಲಕ್ಕೆ ಹೋಗುತ್ತದೆ, ನಿಂತ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸಂಬಳಸಹಿತ ರಜೆಗೆ 15 ದಿನ ಮೊದಲು ಅರ್ಜಿ ಕೊಡಬೇಕೆಂದಿತ್ತು. ಗ್ಯಾಂಗಿನ ಮುಕಾದಮ ಹದಿನೈದು ಗಂಟೆ ಮೊದಲೂ ಹೇಳುವುದಿಲ್ಲ. ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತದೆ: ‘ಸರ, ನಾಳಿ ಮುಂಜಾನೆ ಗ್ಯಾಂಗ್ ಬರತೈತ್ರಿ.’

ಇದಕ್ಕೆ ನಾವು ಮಾಡಿಕೊಂಡ ವ್ಯವಸ್ಥೆ ಹೀಗಿದೆ. ದಸರೆಯ ಹೊತ್ತಿಗೆ ಕಬ್ಬು ಇದ್ದವರೆಲ್ಲ ಹೆಸರು ಕೊಡಬೇಕು, ಒಬ್ಬೊಬ್ಬರ ಮಶೀನಿಗೂ ಬದಲಿ ಆಪರೇಟರನನ್ನು ಮೊದಲೇ ತಯಾರು ಮಾಡಿರಬೇಕು, ಒಂದೇ ದಿನ ಇಬ್ಬರಿಗಿಂತ ಹೆಚ್ಚು ಜನ ಹೋಗುವಂತಿಲ್ಲ, ಮೂರನೆಯವನು ತನ್ನ ಮನೆಯವರನ್ನೇ ಹೊಲಕ್ಕೆ ನಿಲ್ಲಿಸಬೇಕು. ಕಳೆದ ಹಂಗಾಮಿನಲ್ಲಿ ಮೂರನೆಯವನ ಫೋನ್ ಬಂತು, ಆಗದು ಎಂದೆ. ಅವನ ಕಬ್ಬು ಎಂಟು ದಿನ ತಡವಾಗಿ ಹೋಯಿತು, ಅವನು ನನ್ನ ಮೇಲೆ ಸಿಟ್ಟಾಗಿದ್ದಾನೆ, ಅವನ ಸಿಟ್ಟಿಗೆ ಕಾರಣವಿದೆ. ಆದರೆ ಅಂದು ಒಪ್ಪಿದ್ದರೆ ಮೊದಲಿನ ವರ್ಷ ಇದೇ ನಿಯಮಕ್ಕೆ ತಲೆಬಾಗಿ ತನ್ನ ತಂದೆಯನ್ನು ಹೊಲಕ್ಕೆ ಕಳಿಸಿದವನಿಗೆ ನಾನು ಏನು ಹೇಳಬೇಕಿತ್ತು?

ಇದರ ಬೆನ್ನಿಗೆ ಒಡಿಶಾದ ಹುಡುಗರು ಇನ್ನೊಂದು ಪ್ರಶ್ನೆ ತಂದರು. ಹೊಲವಿದ್ದವರಿಗೆ ಹಿಂದಿನ ರಾತ್ರಿ ಕೇಳಿದರೂ ರಜೆ ಸಿಗುತ್ತದೆ, ನಮಗೆ ಊರಿಗೆ ಹೋಗಲು ರೈಲಿನ ಟಿಕೆಟ್ ತೋರಿಸಿದರೂ ಹದಿನೈದು ದಿನದ ಮಾತು ಬರುತ್ತದೆ, ನಮಗೆ ಹೊಲ ಇಲ್ಲದ್ದೇ ತಪ್ಪೇ ಎಂದರು. ಪ್ಯಾಕಿಂಗಿನ ಹೆಣ್ಣುಮಕ್ಕಳೂ ಅವರ ಜೊತೆ ದನಿಗೂಡಿಸಿದರು. ಮಕ್ಕಳಿಗೆ ಜ್ವರ ಬರುವುದೂ ಹೇಳಿ ಕೇಳಿ ಬರುವುದಿಲ್ಲವಲ್ಲ. ಅವರ ಮಾತು ಸರಿಯಾಗಿದೆ. ತುರ್ತಿನ ರಜೆಯನ್ನು ಕಬ್ಬಿಗೆ ಕಟ್ಟದೆ, ಪ್ರತಿಯೊಬ್ಬರಿಗೂ ವರ್ಷಕ್ಕೆ ಇಂತಿಷ್ಟು ದಿನವೆಂದು ಕೊಟ್ಟು, ಯಾತಕ್ಕೆ ಬಳಸುತ್ತೀರೆಂದು ಕೇಳದಿರುವುದು ನನ್ನ ಪ್ರಸ್ತಾಪ. ಮಾಲಕರು ಹೊಲದವರ ಪಾಲು ಮೊದಲಿನಂತೆಯೇ ಇರಲಿ, ಉಳಿದವರಿಗೆ ಮುಂದೆ ನೋಡೋಣ ಎನ್ನುತ್ತಿದ್ದಾರೆ. ಹೊಲದವರು ತಮಗೆ ಸಿಗುತ್ತಿದ್ದದ್ದು ಕಡಿಮೆಯಾಗುತ್ತದೆಂದು ಆತಂಕದಲ್ಲಿದ್ದಾರೆ. ದಸರೆಗೆ ಮೊದಲು ಫಲಕಕ್ಕೆ ಹಚ್ಚಬೇಕಾದ ಆ ಹಾಳೆ ನನ್ನ ಮೇಜಿನ ಮೇಲಿದೆ. ದಿನಗಳ ಸಂಖ್ಯೆಯನ್ನು ಬರೆಯುವ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ, ಮುಂದಿನ ವಾರ ಮಾಲಕರನ್ನೂ ಎರಡೂ ಕಡೆಯವರನ್ನೂ ಒಟ್ಟಿಗೆ ಕೂಡಿಸಬೇಕಾಗಿದೆ.